ಒಂದೇ ಬೇರು, ಎರಡು ಮಣ್ಣು: ತಿಕೋಟಾ ಭಾಗದ ಒಂದು ದ್ರಾಕ್ಷಿ ಪಡದ ಪ್ರಕರಣ

ಈ ತೋಟದಲ್ಲಿ ತಳಿ ಒಂದೇ, ಥಾಮ್ಸನ್ ಸೀಡ್‌ಲೆಸ್. ಕಸಿ ಕಟ್ಟಿದ ಬೇರೂ ಒಂದೇ, ಡಾಗ್ರಿಡ್ಜ್ ಎಂಬ ಕಾಡು ದ್ರಾಕ್ಷಿಯದು. ನೆಟ್ಟ ವರ್ಷ, ಸಾಲಿನ ಅಂತರ, ವೈ ಆಕಾರದ ಹಂದರ, ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮಾಡುವ ಆಳುಗಳು, ಕೊನೆಗೆ ಒಣದ್ರಾಕ್ಷಿ ಮಾಡುವ ಶೆಡ್ಡು, ಇವೂ ಬೇರೆ ಬೇರೆ ಅಲ್ಲ. ಆದರೂ ಇಳಿಜಾರಿನ ಮೇಲ್ಭಾಗದ ಮಡ್ಡಿ (ತೆಳು ಗರಸು ಮಣ್ಣಿನ) ತುಂಡು ವರ್ಷವೂ ಮಾಲು ಕೊಡುತ್ತ ಬಂತು. ಕೆಳಗಿನ ಎರಿ (ಆಳದ ಕಪ್ಪು ಮಣ್ಣಿನ) ತುಂಡು ಎಲೆ ಕೊಟ್ಟಿತು, ಗೊನೆ ಕೊಡಲಿಲ್ಲ. ಗೊಬ್ಬರ ಬದಲಿಸಿದ್ದಾಯಿತು, ಔಷಧಿ ಅಂಗಡಿಯವರು ಹೇಳಿದ ಡಬ್ಬಿಗಳನ್ನೆಲ್ಲ ಹೊಡೆದದ್ದಾಯಿತು. ಸಮಸ್ಯೆ ಇದ್ದದ್ದು ಬೇರು ಮತ್ತು ಮಣ್ಣಿನ ಜೋಡಿಯಲ್ಲಿ.

ತೋಟ ನಮ್ಮ ಕಾಕಾ ಅವರದು. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಲ್ಲಿ ಬಹಳ ಮಂದಿಗೆ ಈ ಕಥೆಯ ಅರ್ಧವಾದರೂ ತಮ್ಮದೇ ಅನ್ನಿಸುತ್ತದೆ. ಹಾಗಾಗಿ ಇದನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ಮೊದಲು ಇಲ್ಲಿ ಥಾಮ್ಸನ್ ಬಳ್ಳಿ ತನ್ನದೇ ಬೇರಿನ ಮೇಲೆ ನಿಂತಿತ್ತು. ಕಡ್ಡಿ ಊರಿ ಬೇರು ಬರಿಸಿ ನೆಡುವುದು ಆಗಿನ ಪದ್ಧತಿ. ನೀರು ಕೊಳವೆಬಾವಿಯದು. ಬಾವಿ ಆಳಕ್ಕೆ ಹೋದಷ್ಟೂ ನೀರು ಸವಳಾಯಿತು. ದ್ರಾಕ್ಷಿ ಉಪ್ಪನ್ನು ಅಷ್ಟಾಗಿ ತಾಳುವ ಬೆಳೆಯಲ್ಲ. ಬೇರಿನ ಸುತ್ತಲಿನ ಮಣ್ಣಿನ ಲವಣಾಂಶ ಮೀಟರಿಗೆ ಸುಮಾರು 1.5 ಡೆಸಿಸೀಮನ್ಸ್ ದಾಟಿದರೆ ಇಳುವರಿ ಇಳಿಯತೊಡಗುತ್ತದೆ ಎಂಬುದು ಹಳೆಯ, ಒಪ್ಪಿತ ಲೆಕ್ಕ. ಥಾಮ್ಸನ್‌ನ ಸ್ವಂತ ಬೇರು ಸೋಡಿಯಂ, ಕ್ಲೋರೈಡ್ ಎರಡನ್ನೂ ಸರಾಗ ಮೇಲಕ್ಕೆ ಬಿಡುತ್ತದೆ. ಅವು ಎಲೆಯ ಅಂಚಿಗೆ ಹೋಗಿ ಕೂರುತ್ತವೆ. ಅಂಚು ಕಂದಾಗಿ ಸುಡುತ್ತದೆ, ಸುಟ್ಟ ಅಂಚು ಒಳಗೊಳಗೆ ಸರಿಯುತ್ತದೆ, ಫಲ ಮಾಗುವ ಹೊತ್ತಿಗೆ ಗೊನೆಗೆ ಸಕ್ಕರೆ ತುಂಬಬೇಕಾದ ಎಲೆಯೇ ಉದುರಿರುತ್ತದೆ. ಮಳೆ ಕೈಕೊಟ್ಟ ಸಾಲು ಸಾಲು ವರ್ಷಗಳಲ್ಲಿ ಕೆಲವು ಬಳ್ಳಿ ನಿಂತಲ್ಲೇ ಒಣಗಿದವು.

ಡಾಗ್ರಿಡ್ಜ್ ಬಂದದ್ದು ಈ ಸಂಕಟಕ್ಕೆ ಉತ್ತರವಾಗಿ. ಇದು ಅಮೆರಿಕದ ಟೆಕ್ಸಾಸ್ ಕಡೆಯ ಕಾಡು ದ್ರಾಕ್ಷಿ, ವೈಟಿಸ್ ಶಾಂಪಿನಿ ಎಂಬ ಜಾತಿಯದು. ಬಿಸಿಲು, ಬರ, ಸುಣ್ಣದ ನೆಲ ನೋಡಿದ ಬಳ್ಳಿ. ಯುರೋಪಿನಲ್ಲಿ ಬೇರುಸಸಿಯ, ಅಂದರೆ ತಳಿಯನ್ನು ಕಸಿ ಕಟ್ಟಲು ಬುಡವಾಗಿ ಬಳಸುವ ಸಸಿಯ, ಚರಿತ್ರೆ ಬೇರೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿನ ತೋಟಗಳನ್ನು ತಿಂದುಹಾಕಿದಾಗ, ಅಮೆರಿಕದ ಕಾಡು ಬಳ್ಳಿಗಳ ಬೇರಿನ ಮೇಲೆ ತಮ್ಮ ತಳಿ ಕಸಿ ಮಾಡಿ ಅವರು ಉಳಿದುಕೊಂಡರು. ನಮ್ಮ ದಖ್ಖನಿನಲ್ಲಿ ಹೇನಿನ ಮಾತೇ ಬರಲಿಲ್ಲ, ಇಲ್ಲಿ ಬೇರುಸಸಿಯ ಬೆನ್ನು ಹತ್ತಿಸಿದ್ದು ಬರ ಮತ್ತು ಉಪ್ಪು. ಮಹಾರಾಷ್ಟ್ರದ ಸಾಂಗ್ಲಿ, ಸೊಲ್ಲಾಪುರದ ಬೆಳೆಗಾರರಿಂದ ಹಿಡಿದು ನಮ್ಮ ವಿಜಯಪುರದವರೆಗೆ ಡಾಗ್ರಿಡ್ಜ್ ಹಬ್ಬಿತು. ಪುಣೆ ಹತ್ತಿರದ ಮಾಂಜರಿಯಲ್ಲಿ 1997ರಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಶುರುವಾದ ಮೇಲೆ ಬೇರುಸಸಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಕೆಲಸಕ್ಕೂ ಬಲ ಬಂತು. ಆದರೆ ರೈತರ ಬಾಯಲ್ಲಿ ಬೇರುಸಸಿ ಎಂದರೆ ಡಾಗ್ರಿಡ್ಜ್ ಎಂದೇ ಆಗಿಹೋಯಿತು. ಈಗಲೂ ನರ್ಸರಿಗೆ ಹೋಗಿ "ರೂಟ್‌ಸ್ಟಾಕ್ ಕೊಡ್ರಿ" ಅಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ.

ಕಾಕಾ ಮೇಲೂ ಕೆಳಗೂ ಹಳೆಯ ಬಳ್ಳಿ ಕಿತ್ತು ಡಾಗ್ರಿಡ್ಜ್ ಹಚ್ಚಿದರು. ಬೇಸಿಗೆಗೆ ಮುಂಚೆ ಬೇರು ಬಂದ ಸಸಿ ನೆಟ್ಟು, ಮಳೆಗಾಲದುದ್ದಕ್ಕೂ ಬೆಳೆಸಿ, ಬಿಸಿಲು ತಗ್ಗಿ ಗಾಳಿಯಲ್ಲಿ ತೇವ ಇರುವ ದಿನಗಳಲ್ಲಿ ಅದರ ಮೇಲೆ ಥಾಮ್ಸನ್ ಕಡ್ಡಿಯನ್ನು ಬೆಣೆ ಕಸಿ ಕಟ್ಟಿಸಿದರು. ಆಗಿನ ನೀರಿನ ಸ್ಥಿತಿಗೆ ಅದು ಸರಿಯಾದ ನಿರ್ಧಾರ. ಎರಡನೇ ವರ್ಷದಿಂದಲೇ ಎಲೆ ಸುಡುವುದು ನಿಂತಿತು. ಬಳ್ಳಿ ಸಾಯುವುದು ನಿಂತಿತು. ಬೇರುಗಂಟು ಹುಳುವಿನ ಕಾಟವೂ ತಗ್ಗಿತು, ಅದನ್ನು ತಡೆಯುವುದರಲ್ಲಿ ಡಾಗ್ರಿಡ್ಜ್‌ಗೆ ಒಳ್ಳೆಯ ಹೆಸರಿದೆ.

ಮಡ್ಡಿ ತುಂಡಿನಲ್ಲಿ ಒಂದು ಮೊಳ ಅಗೆದರೆ ಗರಸು ಸಿಗುತ್ತದೆ. ಬೇರು ಇಳಿಯಲು ಜಾಗ ಕಡಿಮೆ, ನೀರು ನಿಲ್ಲುವುದಿಲ್ಲ, ಸಾರಜನಕವೂ ಉಳಿಯುವುದಿಲ್ಲ. ಡಾಗ್ರಿಡ್ಜ್‌ನ ಹುಮ್ಮಸ್ಸಿಗೆ ಅಲ್ಲಿ ನೆಲವೇ ಲಗಾಮು. ಕಡ್ಡಿ ಪೆನ್ಸಿಲ್ ದಪ್ಪಕ್ಕೆ ಬಂದು ನಿಂತಿತು, ಗೆಣ್ಣಿನ ಅಂತರ ಗಿಡ್ಡವಾಗಿಯೇ ಉಳಿಯಿತು, ಹಂದರದ ಕೆಳಗೆ ನಿಂತರೆ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಕಾಣುತ್ತಿದ್ದವು. ಎರಿ ತುಂಡಿನಲ್ಲಿ ಕಪ್ಪು ಮಣ್ಣು ಆಳುದ್ದ. ಅಲ್ಲಿ ಅದೇ ಬೇರಿಗೆ ಹಿಡಿದು ನಿಲ್ಲಿಸುವುದು ಏನೂ ಇರಲಿಲ್ಲ. ಕಡ್ಡಿ ಹೆಬ್ಬೆರಳಿನಷ್ಟಾಯಿತು. ತುದಿ ಚಿವುಟಿದ ಹತ್ತೇ ದಿನಕ್ಕೆ ಪಕ್ಕದ ಕುಡಿಗಳೆಲ್ಲ ಎದ್ದು ಹಂದರ ಮುಚ್ಚಿಬಿಡುತ್ತಿದ್ದವು. ಕಸಿ ಗಂಟಿನ ಕೆಳಗಿನಿಂದ ಬೇರುಸಸಿಯದೇ ಚಿಗುರು ಪದೇ ಪದೇ ಹೊರಡುತ್ತಿತ್ತು. ಎಳೆ ತುದಿಯಲ್ಲಿ ಬಿಳಿ ನವಿರು ರೋಮ, ಥಾಮ್ಸನ್ ಎಲೆಯಂತೆ ಸೀಳಿಲ್ಲದ ಗುಂಡನೆಯ ಎಲೆ, ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಅದನ್ನು ಮುರಿದು ಹಾಕುವುದೇ ಒಂದು ಆಳಿನ ಕೆಲಸವಾಗಿತ್ತು.

ನೋಡಿದವರು ಹೊಗಳುತ್ತಿದ್ದದ್ದು ಕೆಳಗಿನ ತುಂಡನ್ನೇ. ಹಸಿರು ಕಂಡರೆ ಯಾರಿಗಾದರೂ ಕಣ್ಣು ತುಂಬುತ್ತದೆ. ಅಕ್ಟೋಬರ್ ಚಾಟ್ನಿ ಆಗಿ ಕುಡಿ ಬಿಚ್ಚಿದಾಗ ನಿಜ ಗೊತ್ತಾಯಿತು. ಕಾಕಾ ಹೇಳಿದ್ದು ಇಷ್ಟು: "ಬಳ್ಳಿ ಏನೋ ಗಟ್ಟಿ ಐತಿ, ಆದ್ರ ಕಣ್ಣಿನ್ಯಾಗ ಗೊನಿನ ಇಲ್ಲಲಾ." ಕಣ್ಣು ಅಂದರೆ ಕಡ್ಡಿಯ ಗೆಣ್ಣಿನಲ್ಲಿರುವ ಮೊಗ್ಗು. ಒಂದು ಕಡ್ಡಿಗೆ ಗೊನೆ ಇದ್ದರೆ ಪಕ್ಕದ ಎರಡು ಖಾಲಿ. ಇದ್ದವೂ ಸಣ್ಣ, ಕೆಲವು ಹೂವಾಗುವ ಮೊದಲೇ ಕರಗಿದವು.

ಇಲ್ಲಿ ದ್ರಾಕ್ಷಿಯ ಒಳಗಿನ ಕೆಲಸ ಸ್ವಲ್ಪ ತಿಳಿದಿರಬೇಕು, ಇಡೀ ಪ್ರಕರಣದ ತಿರುಳು ಅಲ್ಲೇ ಇದೆ. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಫಸಲು. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಗಿಡ್ಡಗೆ ಕತ್ತರಿಸುತ್ತೇವೆ, ಅಕ್ಟೋಬರ್‌ನಲ್ಲಿ ಅದೇ ಕಡ್ಡಿಯಿಂದ ಹಣ್ಣು ತೆಗೆಯಲು ಕತ್ತರಿಸುತ್ತೇವೆ. ಗೊನೆ ಹೊರಗೆ ಕಾಣುವುದು ಅಕ್ಟೋಬರ್ ನಂತರ. ಆದರೆ ಗೊನೆ ಹುಟ್ಟುವುದು ಬೇಸಿಗೆಯಲ್ಲಿ, ಏಪ್ರಿಲ್ ಚಾಟ್ನಿಯಾದ ಸುಮಾರು 40ರಿಂದ 70 ದಿನಗಳ ನಡುವೆ, ಕಣ್ಣಿನ ಒಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ. ಕಣ್ಣಿನೊಳಗೆ ಮೊದಲು ಮೂಡುವ ಮೊಳಕೆಗೆ ತಾನು ಏನಾಗಬೇಕೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಅದೇ ಮೊಳಕೆ ಗೊನೆಯೂ ಆಗಬಹುದು, ಆಸರೆ ಹುಡುಕುವ ಸುರುಳಿ ಎಳೆಯೂ ಆಗಬಹುದು. ಸೈಟೋಕೈನಿನ್ ಚೋದಕ ಮೇಲುಗೈಯಾದರೆ ಗೊನೆಯ ಕಡೆ, ಜಿಬ್ಬರೆಲಿನ್ ಮೇಲುಗೈಯಾದರೆ ಎಳೆಯ ಕಡೆ. ಭರದಿಂದ ಉದ್ದಕ್ಕೆ ಎಳೆಯುತ್ತಿರುವ ಕುಡಿಯಲ್ಲಿ ಜಿಬ್ಬರೆಲಿನ್‌ದೇ ಆಟ. ಜೊತೆಗೆ ಆ ದಿನಗಳಲ್ಲಿ ಕಣ್ಣಿನ ಪಕ್ಕದ ಎಲೆಗೆ ಬಿಸಿಲು ಬೀಳಬೇಕು. ಜೂನ್ ಮೋಡ ಬರುವುದರೊಳಗೆ ಈ ಕೆಲಸ ಮುಗಿಯಲಿ ಎಂದೇ ಏಪ್ರಿಲ್‌ನಲ್ಲಿ ಚಾಟ್ನಿ ಮಾಡುವುದು. ಎರಿ ತುಂಡಿನಲ್ಲಿ ಮೋಡವಿಲ್ಲದ ಮೇ ತಿಂಗಳಲ್ಲೂ ಹಂದರದ ಒಳಗೆ ಕತ್ತಲು. ಥಾಮ್ಸನ್ ಮೊದಲೇ ಬುಡದ ಕಣ್ಣುಗಳಲ್ಲಿ ಗೊನೆ ಕಟ್ಟಲು ಹಿಂಜರಿಯುವ ತಳಿ. ಅದಕ್ಕೆ ಓಡುವ ಬೇರು ಸಿಕ್ಕಿತು, ಓಡಲು ನೆಲ ಸಿಕ್ಕಿತು.

ಅಕ್ಟೋಬರ್ ಚಾಟ್ನಿಗೆ ಮುಂಚೆ ಕಡ್ಡಿ ತಪಾಸಣೆ ಮಾಡಿಸುವುದು ಈಗ ರೂಢಿ. ಎರಡೂ ತುಂಡಿನ ಕಡ್ಡಿ ಕಟ್ಟಿ ಒಯ್ದಾಗ ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದೆ. ಬ್ಲೇಡಿನಿಂದ ಕಣ್ಣನ್ನು ತೆಳುವಾಗಿ ಸೀಳುತ್ತಾರೆ. ಒಂದು ಕಣ್ಣು ಅಂದರೆ ಒಂದಲ್ಲ, ನಡುವೆ ಮುಖ್ಯ ಮೊಗ್ಗು, ಎರಡು ಪಕ್ಕಕ್ಕೆ ಅದಕ್ಕೆ ಏನಾದರೂ ಆದರೆ ಏಳಲೆಂದು ಕಾದಿರುವ ಉಪಮೊಗ್ಗುಗಳು. ಮಡ್ಡಿ ತುಂಡಿನ ಕಡ್ಡಿಯಲ್ಲಿ ನಡುವಿನ ಮೊಗ್ಗಿನೊಳಗೆ ಗೊನೆಯ ಆಕಾರ ಸ್ಪಷ್ಟವಾಗಿತ್ತು, ಕವಲು ಕವಲಾಗಿ ಮುತ್ತು ಕೂರಿಸಿದ ಹಾಗೆ. ಎರಿ ತುಂಡಿನದರಲ್ಲಿ ಕೆಲವು ಕಣ್ಣಿನ ನಡುಮೊಗ್ಗೇ ಕಂದಾಗಿ ಸತ್ತಿತ್ತು. ಬಳ್ಳಿಯ ಹುಮ್ಮಸ್ಸು ಅತಿಯಾದಾಗ ಮುಖ್ಯ ಮೊಗ್ಗು ಹೀಗೆ ಒಳಗೇ ಸಾಯುವುದುಂಟು. ಆಮೇಲೆ ಚಾಟ್ನಿ ಮಾಡಿದರೆ ಉಪಮೊಗ್ಗು ಏಳುತ್ತದೆ, ಹೊರಗಿನಿಂದ ನೋಡಿದರೆ ಕುಡಿ ಬಂತು ಅನ್ನಿಸುತ್ತದೆ, ಗೊನೆ ಮಾತ್ರ ಇರುವುದಿಲ್ಲ.

ಓಡುವ ಕುಡಿಯನ್ನು ನಿಲ್ಲಿಸಲು ನಮ್ಮ ಭಾಗದಲ್ಲಿ ಎಲ್ಲರ ಕೈಗೂ ಮೊದಲು ಬರುವುದು ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ಜಿಬ್ಬರೆಲಿನ್ ತಯಾರಾಗುವುದನ್ನು ಅದು ತಡೆಯುತ್ತದೆ, ಕುಡಿ ಗಿಡ್ಡವಾಗುತ್ತದೆ, ಕಣ್ಣು ಕಟ್ಟುತ್ತದೆ. ಆದರೆ ಬೇರಿನ ಹುಮ್ಮಸ್ಸು ವರ್ಷವಿಡೀ ಇರುವಂಥದು, ಸಿಂಪಡಣೆ ಒಂದೆರಡು ವಾರದ್ದು. ಆದ್ದರಿಂದ ಮತ್ತೆ ಹೊಡೆ, ಇನ್ನೊಮ್ಮೆ ಹೊಡೆ ಎಂದಾಗುತ್ತದೆ. ಇದರ ಬೆಲೆ ಏನೆಂದು ಇಡೀ ದ್ರಾಕ್ಷಿ ನಾಡಿಗೆ 2010ರಲ್ಲಿ ಗೊತ್ತಾಯಿತು. ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಸಿಸಿಸಿ ಅಂಶ ಅಲ್ಲಿನ ಮಿತಿ ಮೀರಿದೆಯೆಂದು ಕಂಟೇನರುಗಳು ತಿರಸ್ಕೃತವಾದವು, ರಫ್ತುದಾರರೂ ರೈತರೂ ದೊಡ್ಡ ನಷ್ಟ ತಿಂದರು. ಆ ಪ್ರಸಂಗವನ್ನು ಔಷಧಿಯ ಶೇಷದ ಕಥೆಯಾಗಿಯೇ ಹೇಳುತ್ತಾರೆ. ನನಗೆ ಅದರ ಬುಡದಲ್ಲಿ ಬೇರಿನ ಕಥೆಯೂ ಕಾಣುತ್ತದೆ. ಆಳದ ಕಪ್ಪು ಮಣ್ಣಿಗೆ ಇಷ್ಟು ಓಡುವ ಬೇರು ಕೊಟ್ಟಿರದಿದ್ದರೆ ಅದನ್ನು ಕಟ್ಟಿಹಾಕುವ ಔಷಧಿಯೂ ಇಷ್ಟು ಬೇಕಾಗುತ್ತಿರಲಿಲ್ಲ.

ಈಗ ಹಣ್ಣಿನ ಗುಣಕ್ಕೆ ಬರೋಣ. ಡಾಗ್ರಿಡ್ಜ್ ಮೇಲೆ ಕಾಳು ದಪ್ಪ ಬರುತ್ತದೆ, ಇದನ್ನು ಒಪ್ಪಲೇಬೇಕು. ತಿನ್ನುವ ದ್ರಾಕ್ಷಿಯಾಗಿ ಪೇಟೆಗೆ ಕಳಿಸುವವರಿಗೆ ಅದೊಂದು ಲಾಭ. ಕಾಕಾ ಅವರದು ಒಣದ್ರಾಕ್ಷಿ. ಅಲ್ಲಿ ದಪ್ಪಕ್ಕಿಂತ ಸಕ್ಕರೆ ಮುಖ್ಯ. ನೆರಳಿನಲ್ಲಿ ಬೆಳೆದ ಗೊನೆ ತಡವಾಗಿ ಮಾಗುತ್ತದೆ, ಒಂದೇ ಗೊನೆಯಲ್ಲಿ ಹಸಿರು ಕಾಳೂ ಮಾಗಿದ ಕಾಳೂ ಬೆರೆತಿರುತ್ತವೆ, ಗಾಳಿ ಆಡದ ಹಂದರದಲ್ಲಿ ಬೂದಿರೋಗ ಬೇಗ ಸೇರುತ್ತದೆ. ಮೇಲಿನ ತುಂಡು 22 ಬ್ರಿಕ್ಸ್ (ರಸದಲ್ಲಿ ನೂರಕ್ಕೆ ಸುಮಾರು ಎಷ್ಟು ಭಾಗ ಸಕ್ಕರೆ ಎಂಬ ಅಳತೆ) ಮುಟ್ಟಿದ ದಿನ ಕೆಳಗಿನದು 18ರ ಆಸುಪಾಸಿನಲ್ಲೇ ಇರುತ್ತಿತ್ತು. ನಾಲ್ಕು ಬ್ರಿಕ್ಸ್ ಅಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಒಣದ್ರಾಕ್ಷಿಯಲ್ಲಿ ಸುಮಾರು 15 ಭಾಗ ತೇವ ಉಳಿಯುತ್ತದೆ ಎಂದಿಟ್ಟುಕೊಂಡರೆ, 22 ಬ್ರಿಕ್ಸಿನ ಹತ್ತು ಟನ್ ಹಸಿ ದ್ರಾಕ್ಷಿಯಿಂದ ಹೆಚ್ಚು ಕಡಿಮೆ 2.6 ಟನ್ ಒಣದ್ರಾಕ್ಷಿ, 18 ಬ್ರಿಕ್ಸಿನದರಿಂದ 2.1 ಟನ್. ಕೊಯ್ಲಿನ ಕೂಲಿ, ಅದ್ದುವ ಎಣ್ಣೆ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್, ಶೆಡ್ಡಿನ ಜಾಗ ಎರಡಕ್ಕೂ ಅಷ್ಟೇ. ಅರ್ಧ ಟನ್ ಗಾಳಿಗೆ ಹೋಯಿತು. ಇನ್ನೂ ಕಾಯೋಣವೆಂದರೆ ಬೇಸಿಗೆಯ ಅಕಾಲಿಕ ಮಳೆಯ ಭಯ, ಶೆಡ್ಡಿನಲ್ಲಿ ಹರವಿದ ಮಾಲಿಗೆ ಮಳೆಯ ತೇವ ತಾಗಿದರೆ ಬಣ್ಣ ಹೋಗುತ್ತದೆ. ಸಾಂಗ್ಲಿ ಜಿಲ್ಲೆಯ ತಾಸಗಾಂವದ ಒಣದ್ರಾಕ್ಷಿ ಪೇಟೆಯಲ್ಲಿ ಸವಾಲು ಕೂಗುವವರು ಮೊದಲು ನೋಡುವುದು ಬಣ್ಣವನ್ನೇ.

ವೈನ್ ದ್ರಾಕ್ಷಿ ಬೆಳೆಯುವವರಿಗೆ ಇನ್ನೊಂದು ತೊಡಕಿದೆ. ಶಾಂಪಿನಿ ಜಾತಿಯ ಬೇರುಗಳು ಪೊಟ್ಯಾಶಿಯಂ ಜಾಸ್ತಿ ಎಳೆದು ರಸದ ಪಿಎಚ್ ಏರಿಸುತ್ತವೆ, ವೈನಿನ ಬಣ್ಣವೂ ಬಾಳಿಕೆಯೂ ಕುಂದುತ್ತವೆ. ಡಾಗ್ರಿಡ್ಜ್‌ನ ಸೋದರ ರ‍್ಯಾಮ್ಸೆ ಬೇರಿನ ಮೇಲೆ ಆಸ್ಟ್ರೇಲಿಯಾದವರು ಇದನ್ನು ಚೆನ್ನಾಗಿ ಕಂಡುಕೊಂಡಿದ್ದಾರೆ. ಕಾಕಾ ಅವರ ಮಾಲಿಗೆ ಇದು ಅಷ್ಟು ಸಂಬಂಧಿಸಿದ್ದಲ್ಲ.

ಪ್ರಕರಣವನ್ನು ಬಿಗಿಗೊಳಿಸಿದ್ದು ಕಾಲುವೆ ನೀರು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಯ ಕೆರೆಗಳಿಗೆ ಬಂತು. ಅಂತರ್ಜಲ ಏರಿತು, ಬಾವಿಯ ಸವಳು ತಿಳಿಯಾಯಿತು. ಇದು ಈ ನೆಲ ತಲೆಮಾರುಗಳಿಂದ ಕಾದ ಭಾಗ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ದ್ರಾಕ್ಷಿಯ ಬೇರು ಹದಿನೈದು, ಇಪ್ಪತ್ತು ವರ್ಷ ನೆಲದಲ್ಲಿರುವಂಥದು. ಬರಗಾಲದ ನೀರಿಗೆ ಆರಿಸಿದ ಬೇರು ಸುಕಾಲದ ನೀರಿನಲ್ಲಿ ನಿಂತಿತು. ಉಪ್ಪಿನ ಪೆಟ್ಟು ಒಂದಿಷ್ಟಾದರೂ ಹುಮ್ಮಸ್ಸನ್ನು ತಡೆದಿತ್ತು, ಈಗ ಅದೂ ಹೋಯಿತು. ಎರಿ ತುಂಡು ಹಿಡಿತಕ್ಕೇ ಸಿಗದಂತಾದದ್ದು ಆ ಮೇಲೆ.

ಬೇರನ್ನು ಬದಲಿಸದೆ ಏನು ಮಾಡಬಹುದೋ ಅದನ್ನು ಮೊದಲು ಮಾಡಲಾಯಿತು. ಏಪ್ರಿಲ್ ಚಾಟ್ನಿಯ ನಂತರ ಸಾರಜನಕ ಬಹುತೇಕ ಕೈಬಿಟ್ಟರು. ಕಣ್ಣು ಕಟ್ಟುವ ದಿನಗಳಲ್ಲಿ ಹನಿ ನೀರನ್ನು ಎಲೆ ಬಾಡದ ಮಟ್ಟಕ್ಕೆ ಇಳಿಸಿದರು. ಬಳ್ಳಿಯೊಂದಕ್ಕೆ ಹೆಚ್ಚು ಕಡ್ಡಿ ಬಿಟ್ಟು ಹುಮ್ಮಸ್ಸನ್ನು ಹಂಚಿದರು, ಗುಂಪಾದ ಕುಡಿಗಳನ್ನು ಎಳೆಯದರಲ್ಲೇ ತೆಗೆದರು, ಉಳಿದವನ್ನು ಸರಿಯಾದ ಎಲೆಗೆ ಚಿವುಟಿ ಸಬ್‌ಕೇನ್ (ಚಿವುಟಿದ ಮೇಲೆ ಬರುವ ಪಕ್ಕದ ಕಡ್ಡಿ) ತೆಗೆದರು. ಫಲ ಬಂತು, ಸುಳ್ಳಲ್ಲ. ಆದರೆ ಮಳೆ ಬೇಗ ಬಂದ ವರ್ಷ ನೀರು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಎರಿ ಮಣ್ಣು ಹೀರಿದ ತೇವವನ್ನು ವಾರಗಟ್ಟಲೆ ಬಿಡುವುದಿಲ್ಲ. ಆಳಿನ ಖರ್ಚು ಮಡ್ಡಿ ತುಂಡಿಗಿಂತ ಬಹಳ ಹೆಚ್ಚಾಯಿತು. ಬಳ್ಳಿಗಳಿಗೂ ವಯಸ್ಸಾಗಿತ್ತು. ಕೆಳಗಿನದನ್ನು ಕಿತ್ತು ಹೊಸದಾಗಿ ಹಚ್ಚುವುದೆಂದು ತೀರ್ಮಾನವಾಯಿತು.

ಆಗ ಕಾಕಾ ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಈಗ ನೀರ ಸಿಹಿ ಆಗೇತಿ. ಮೊದಲಿನಂಗ ಸ್ವಂತ ಬೇರಿನ ಮ್ಯಾಲ ಹಚ್ಚಿದ್ರ ಏನಾಗ್ತೈತಿ?" ಕಾಲುವೆ ನೀರು ಪ್ರತಿ ವರ್ಷ ಒಂದೇ ಸಮ ಬರುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ಒಂದು ಬರ ಬಿದ್ದರೆ ಮತ್ತೆ ಕೊಳವೆಬಾವಿಯೇ ಗತಿ. ಅಲ್ಲದೆ ಇಷ್ಟು ವರ್ಷ ಸವಳು ನೀರು ಕುಡಿದ ಮಣ್ಣಿನಲ್ಲಿ ಉಪ್ಪು ಕೂತಿದೆ, ನೀರು ಸಿಹಿಯಾದ ಮರುದಿನ ಅದು ಹೋಗುವುದಿಲ್ಲ. ಅದಕ್ಕೇ ಸ್ವಂತ ಬೇರು ಬೇಡವೆಂದಾಯಿತು.

ಉಳಿದದ್ದು 110 ಆರ್. ಫ್ರಾನ್ಸಿನಲ್ಲಿ ರಿಕ್ಟರ್ ಹೆಸರಿನಲ್ಲಿ ಬಂದ ಬೇರು, ಬರ್ಲಾಂಡಿಯೆರಿ ಮತ್ತು ರೂಪೆಸ್ಟ್ರಿಸ್ ಎಂಬ ಎರಡು ಅಮೆರಿಕನ್ ಜಾತಿಗಳ ಸಂಕರ. ಬರ ತಾಳುತ್ತದೆ, ಬರ್ಲಾಂಡಿಯೆರಿ ರಕ್ತವಿರುವುದರಿಂದ ಸುಣ್ಣದ ಕಪ್ಪು ಮಣ್ಣಿಗೆ ಒಗ್ಗುತ್ತದೆ, ಹುಮ್ಮಸ್ಸು ಡಾಗ್ರಿಡ್ಜ್‌ಗಿಂತ ಹಿಡಿತದ್ದು. ಉಪ್ಪಿನ ವಿಷಯದಲ್ಲೂ ಅದು ಕಡಿಮೆಯೇನಲ್ಲ. ಸವಳು ನೀರಿನಲ್ಲಿ ಥಾಮ್ಸನ್ ಬೆಳೆಸಿದ ಮಾಂಜರಿಯ ಹೋಲಿಕೆಗಳಲ್ಲಿ ಡಾಗ್ರಿಡ್ಜ್ ಮೇಲಿನ ಬಳ್ಳಿಗೆ ವರ್ಷ ಕಳೆದಂತೆ ಸೋಡಿಯಂ ಸೇರುತ್ತ ಹೋಗುತ್ತದೆ, 110 ಆರ್ ಅದನ್ನು ಹೆಚ್ಚು ಕಾಲ ತಡೆಯುತ್ತದೆ ಎಂದು ಕಂಡಿದೆ. ಡಾಗ್ರಿಡ್ಜ್ ಹಾಕಿದರೆ ಉಪ್ಪಿನ ಚಿಂತೆ ಮುಗಿಯಿತು ಎಂದು ನಂಬಿದವರು ಇದನ್ನು ಗಮನಿಸಬೇಕು.

ಇದರ ದೋಷಗಳೂ ಇವೆ. 110 ಆರ್ ಮೊದಲ ಒಂದೆರಡು ವರ್ಷ ನಿಧಾನ. ಪಕ್ಕದ ಹೊಲದ ಡಾಗ್ರಿಡ್ಜ್ ಹಂದರ ಏರಿದಾಗ ಇದು ಇನ್ನೂ ಕೋಲು ಹಿಡಿದು ನಿಂತಿರುತ್ತದೆ, ಕಸಿ ಕಟ್ಟುವ ದಪ್ಪಕ್ಕೆ ಬರಲು ತಡ ಮಾಡುತ್ತದೆ. ಬೇರುಗಂಟು ಹುಳುವಿನ ಎದುರು ಡಾಗ್ರಿಡ್ಜ್‌ನಷ್ಟು ಗಟ್ಟಿಯಲ್ಲ. ಆ ಹುಳು ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಹೆಚ್ಚು, ಜಿಗುಟು ಎರಿಯಲ್ಲಿ ಕಡಿಮೆ. ಆದ್ದರಿಂದ ಕೆಳಗಿನ ತುಂಡಿಗೆ ಆ ಅಪಾಯ ಒಪ್ಪಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾದ ದೋಷ, ಬುಡದಲ್ಲಿ ನೀರು ನಿಂತರೆ ಇದು ತಾಳುವುದಿಲ್ಲ. ಎರಿ ತುಂಡು ಇಳಿಜಾರಿನ ತಳದಲ್ಲಿದೆ, ಮಳೆಯ ನೀರೆಲ್ಲ ಅಲ್ಲಿಗೇ ಬರುತ್ತದೆ. ಅದಕ್ಕೆ ಸಸಿ ತರುವ ಮೊದಲೇ ಮೇಲಿನ ಬದುವಿನ ಉದ್ದಕ್ಕೂ ಅಡ್ಡಗಾಲುವೆ ತೋಡಿಸಿ, ನೀರನ್ನು ಹಳ್ಳಕ್ಕೆ ತಿರುಗಿಸಿ, ಸಾಲುಗಳನ್ನು ಎತ್ತರದ ಏರಿಯ ಮೇಲೆ ಎಬ್ಬಿಸಲಾಯಿತು. ಈ ಕೆಲಸಕ್ಕೆ ಸಸಿಗಿಂತ ಹೆಚ್ಚು ಖರ್ಚು ಬಿತ್ತು. ಅದನ್ನು ಬಿಟ್ಟು ಬರೀ ಬೇರು ಬದಲಿಸಿದ್ದರೆ ಮೊದಲ ದೊಡ್ಡ ಮಳೆಗೇ ತೊಂದರೆ ಶುರುವಾಗುತ್ತಿತ್ತು.

ಮೇಲಿನ ಮಡ್ಡಿ ತುಂಡು ಡಾಗ್ರಿಡ್ಜ್ ಮೇಲೆಯೇ ಇದೆ, ಮುಂದೆ ಕಿತ್ತು ಹಚ್ಚಿದರೂ ಅಲ್ಲಿ ಅದನ್ನೇ ಹಚ್ಚುವುದು. ತೆಳು ಮಣ್ಣು, ಬೇಗ ಒಣಗುವ ನೆಲ, ಕಾಲುವೆ ನಿಂತರೆ ಮೊದಲು ಪೆಟ್ಟು ತಿನ್ನುವ ಜಾಗ, ಅಲ್ಲಿ 110 ಆರ್ ಹಾಕಿದರೆ ಹಂದರ ತುಂಬುವುದೇ ಕಷ್ಟ. ಡಾಗ್ರಿಡ್ಜ್ ಕೆಟ್ಟ ಬೇರು ಎಂದು ಈಗ ಕೆಲವು ಕಡೆ ಶುರುವಾಗಿರುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಭಾಗದ ದ್ರಾಕ್ಷಿ ಬರದ ವರ್ಷಗಳಲ್ಲಿ ಉಳಿದದ್ದು ಬಹುಮಟ್ಟಿಗೆ ಅದರಿಂದಲೇ.

ಕೆಳಗಿನ ತುಂಡಿನ ಹೊಸ ಬಳ್ಳಿಗಳು ಹಂದರಕ್ಕೆ ಏರಿವೆ. ನಿಧಾನಕ್ಕೆ ಏರಿದವು, ಬೇಸಾಯದವರಿಗೆ ಬೇಕಾದ ತಾಳ್ಮೆಯನ್ನೆಲ್ಲ ಬೇಡಿದವು. ಕಡ್ಡಿ ಹದ ದಪ್ಪಕ್ಕಿದೆ, ಗೆಣ್ಣು ಹತ್ತಿರ ಹತ್ತಿರ ಇದೆ, ಸಿಸಿಸಿ ಡಬ್ಬಿ ಈ ಸಲ ತೆರೆದಿಲ್ಲ. ಮೊದಲ ಪೂರ್ತಿ ಫಸಲಿನ ತೂಕ, ಬ್ರಿಕ್ಸ್ ಎರಡನ್ನೂ ಮೇಲಿನ ತುಂಡಿನ ಪಕ್ಕದಲ್ಲಿಟ್ಟು ಬರೆದುಕೊಳ್ಳುವುದು ಬಾಕಿ ಇದೆ. ಇದೇ ದಾರಿ ಹಿಡಿಯುವವರು ಸಸಿಗೆ ಮುಂಚೆ ಎರಡು ಪರೀಕ್ಷೆ ಮಾಡಿಸಿಕೊಳ್ಳಿ. ಬೇಸಿಗೆಯ ಕೊನೆಯಲ್ಲಿ ತೆಗೆದ ಬಾವಿ ನೀರಿನದು ಒಂದು, ತುಂಡು ತುಂಡಿಗೆ ಬೇರೆ ಬೇರೆಯಾಗಿ, ಮೇಲ್ಪದರದಿಂದ ಮೂರು ಅಡಿ ಆಳದವರೆಗೆ ತೆಗೆದ ಮಣ್ಣಿನದು ಇನ್ನೊಂದು. 110 ಆರ್ ಬೇಕೆಂದರೆ ನರ್ಸರಿಗೆ ಹಿಂದಿನ ಹಂಗಾಮಿನಲ್ಲೇ ಹೇಳಿಡಿ, ಸಸಿ ಬಂದಾಗ ಎಲೆ ನೋಡಿ ತೆಗೆದುಕೊಳ್ಳಿ. ಅದರ ಎಲೆ ಸಣ್ಣದು, ಮಿರುಗುವಂಥದು. ಎಳೆ ತುದಿಯಲ್ಲಿ ಬಿಳಿ ರೋಮದ ಮುಸುಕು ಕಂಡರೆ ಅದು ಡಾಗ್ರಿಡ್ಜ್.